ಗೋವಾಕ್ಕೆ ಹೋಗೂಕೆ ಮುಂಬಯಿಗೆ ಹೋದ ಕತೆ

ನೀವೆಲ್ಲ ಮೊದಲು ನಕ್ಕು ಮುಗಿಸಿಬಿಡಿ, ಆಮೇಲೆ ಹೇಳ್ತೇನೆ. ಕಾರವಾರದಿಂದ ಮಡಗಾಂವಿಗೆ ರೈಲಿನಲ್ಲಿ ಒಂದು ತಾಸು. ಬೆಳಿಗ್ಗೆ ಚಾ ಕುಡಿದು ಹೊರಟರೆ ಬಿಸಿಲು ಏರುವುದರೊಳಗೆ ಗೋವಾ. ಅಂಥ ಗೋವಾಕ್ಕೆ ಹೋಗೂಕೆ ನಾವು ಸಂಜೆ ಮತ್ಸ್ಯಗಂಧಾ ರೈಲು ಹತ್ತಿ, ರಾತ್ರಿಯಿಡೀ ಪ್ರಯಾಣ ಮಾಡಿ ಮುಂಬಯಿಯ ಕುರ್ಲಾದಲ್ಲಿ ಇಳಿದು, ಅಲ್ಲಿಂದ ಹಡಗು ಹತ್ತಿ, ಎರಡು ರಾತ್ರಿ ಸಮುದ್ರದ ಮೇಲೆ ಕಳೆದು ಮುರಗಾಂವ್ ಬಂದರಿಗೆ ಬಂದವರು. "ಕೊಂಕಣ ಸುತ್ತಿ ಮೈಲಾರಕ್ಕೆ ಬಂದ್ರು ಅಂತಾರಲ್ಲ, ನೀವು ಕೊಂಕಣ ಸುತ್ತಿ ಕೊಂಕಣಕ್ಕೇ ಬಂದ್ರಲ್ಲೆ" ಅಂದಳು ಬಾಜೂ ಮನೆ ವೈನಿ. ಅವಳು ಹೇಳಿದ್ದರಲ್ಲಿ ಎಂತದೂ ಸುಳ್ಳಿಲ್ಲ.

ಮಗ ಟಿಕೆಟ್ ಮಾಡಿಸಿದ್ದ. ನಮ್ಮ ಲಗ್ನ ಆಗಿ 30 ವರ್ಷ ಆಯ್ತು ಅಂದೇಳಿ. 2024ರ ನವೆಂಬರ್, ತುಳಸಿ ಲಗ್ನ ಮುಗಿದು ವಾರ ಆಗಿತ್ತು. ಆ ವರ್ಷದ ಮಳೆಗಾಲ ನಮ್ಮ ಕಡೆಯವರು ಯಾರೂ ಮರೆಯುವ ಹಾಗಿಲ್ಲ. ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದು ಗಂಗಾವಳಿಗೆ ಇಳಿಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಮುರಿದುಬಿತ್ತು. ಅಂಥ ವರ್ಷದಲ್ಲಿ ಇವರಿಗೆ ಹಡಗಿನ ಮೋಜು ಅಂದೇಳಿ ಯಾರಾದರೂ ಆಡಿಕೊಳ್ಳಬಹುದು ಅನ್ನುವ ಹೆದರಿಕೆ ನನಗೂ ಇತ್ತು. ಅದಕ್ಕಿಂತ ದೊಡ್ಡ ಚಿಂತೆ ಆಯಿಯದು. ನನ್ನ ಆಯಿಗೆ ಎಂಬತ್ತೆರಡು, ನಮ್ಮ ಮನೆಯಲ್ಲೇ ಇರುವುದು. ಮನೆಯೊಳಗೆ ಓಡಾಡ್ತಾಳೆ, ಕವಳ ತಾನೇ ಕುಟ್ಟಿಕೊಳ್ತಾಳೆ, ಆದರೆ ಒಬ್ಬಳನ್ನೇ ಬಿಟ್ಟು ಹೋಗುವ ಹಾಗಿಲ್ಲ. ಅಂಕೋಲೆಯಿಂದ ಅಕ್ಕ ಬಂದು ಐದು ದಿನ ಇರ್ತೇನೆ ಅಂದಳು. ಆಯಿಗೆ ಕೇಳಿದರೆ, "ಹೋಗ್ ಬಾರೆ, ನಾ ಎಂತ ಓಡಿ ಹೋಗ್ತ್ನಾ?" ಅಂದಳು.

ನೀವು ತುಂಬ ಜನ ಹಡಗಿನ ವಿಷಯ ಕೇಳಿದ್ದಿರಿ. ಮೊದಲು ಅದನ್ನೇ ಹೇಳಿಬಿಡ್ತೇನೆ. ಆದರೆ ನಂದು ಎರಡು ರಾತ್ರಿಯ ಅನುಭವ ಮಾತ್ರ, ಮೂರನೇ ರಾತ್ರಿಯದು ನಮ್ಮನೆಯವರನ್ನು ಕೇಳಬೇಕು. ಯಾಕೆ ಅನ್ನುವುದು ಮುಂದೆ ಬರ್ತದೆ.

ನಾವು ಹೋದ ಹಡಗಿನ ಹೆಸರು ಎಂಪ್ರೆಸ್. ಕಾರ್ಡೇಲಿಯಾ ಅನ್ನುವ ಕಂಪನಿಯದು, 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಓಡ್ತಾ ಇದೆ. ಹೊಸ ಹಡಗಲ್ಲ, 1990ರಲ್ಲಿ ಕಟ್ಟಿದ್ದು, ಮೊದಲು ಅಮೆರಿಕದ ಕಡೆ ಓಡ್ತಿತ್ತಂತೆ. ಹನ್ನೊಂದು ಅಂತಸ್ತು. ನಮ್ಮನೆಯವರು ಉದ್ದ ಅಳೆಯೂಕೆ ಅಂದೇಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸ್ತಾ ಹೋದವರು ನಡುವೆ ಸಮೋಸ ಕಂಡು ಲೆಕ್ಕ ತಪ್ಪಿದರು. ಇನ್ನೂರು ಮೀಟರಿಗಿಂತ ಹೆಚ್ಚಿದೆ ಅಂದೇಳಿ ಆಮೇಲೆ ಗೊತ್ತಾಯ್ತು. ಇದು ಪಡುವಣ ಕಡಲಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳು ಓಡುವುದು. ನಮ್ಮ ಕಡೆಯ ಮೀನುಗಾರರು ಜೂನ್ ಜುಲೈದಲ್ಲಿ ದೋಣಿ ದಡಕ್ಕೆ ಎಳೆದಿಡ್ತಾರಲ್ಲ, ದೊಡ್ಡ ಹಡಗಿನವರೂ ಆ ಹೊತ್ತಿಗೆ ಬೇರೆ ಸಮುದ್ರ ನೋಡ್ಕೊಳ್ತಾರೆ. ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿ ಒಳ್ಳೇದು, ಕಡಲು ತಣ್ಣಗಿರ್ತದೆ.

ದುಡ್ಡಿನ ಮಾತು. ಟಿಕೆಟ್ ಮಾಡಿಕೊಟ್ಟ ಏಜೆಂಟ ಒಂದು ದರ ಹೇಳಿದ. ಮಗ ದುಡ್ಡು ಕಟ್ಟುವಾಗ ಅದರ ಮೇಲೆ ಬಂದರಿನ ಖರ್ಚು, ಜಿಎಸ್‌ಟಿ, ಕೆಲಸದವರಿಗೆ ಟಿಪ್ಸು ಅಂದೇಳಿ ಸೇರಿ ಸೇರಿ ಇಬ್ಬರಿಗೆ ಹದಿನಾಲ್ಕು ಸಾವಿರ ಹೆಚ್ಚಿಗೆ ಬಿತ್ತು. ಇವೆಲ್ಲ ಎಲ್ಲ ಹಡಗಿಗೂ ಇರುವುದೇ ಅಂತೆ, ಆ ಏಜೆಂಟ ಮೊದಲೇ ಹೇಳಲಿಲ್ಲ ಅಷ್ಟೇ. ನೀವು ಕೇಳುವಾಗಲೇ "ಎಲ್ಲ ಸೇರಿ ಕೊನೇ ರೂಪಾಯಿ ಎಷ್ಟು" ಅಂದೇಳಿ ಕೇಳಿ, ಬರೆಸ್ಕೊಳ್ಳಿ. ಊಟ, ತಿಂಡಿ, ಚಾ ಟಿಕೆಟಿನಲ್ಲೇ ಇರ್ತದೆ. ಆದರೆ ಕೆಲವು ಹೊಟೆಲ್ಲು, ದಾರು, ಮಸಾಜು, ವೈಫೈ ಇದಕ್ಕೆಲ್ಲ ಬೇರೆ ದುಡ್ಡು. ಹಡಗಿನೊಳಗೆ ನೋಟು ನಡೆಯುವುದಿಲ್ಲ. ಒಂದು ಕಾರ್ಡು ಕೊಡ್ತಾರೆ, ಅದೇ ಕೋಣೆಯ ಚಾವಿ, ಅದೇ ಪಾಕೀಟು. ಕಾರ್ಡು ತೋರಿಸ್ತಾ ಹೋದರೆ ದುಡ್ಡು ಹೋದದ್ದೇ ಗೊತ್ತಾಗುವುದಿಲ್ಲ. ನನ್ನ ನಾದಿನಿಯ ಗಂಡ ಮೊದಲ ರಾತ್ರಿಯೇ ಬೆವರಿದ. ಹೌದು, ಡೊಂಬಿವಿಲಿಯಿಂದ ನಾದಿನಿ ಮತ್ತು ಅವಳ ಗಂಡನೂ ನಮ್ಮ ಸಂತಿಗೆ ಬಂದಿದ್ದರು.

ಕೋಣೆ ಹಿಡಿಯುವಾಗ ಆದಷ್ಟು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ತೊಟ್ಟಿಲು ತೂಗಿದಾಗ ತುದಿ ಹೆಚ್ಚು ಆಡ್ತದೆ, ನಡು ಕಡಿಮೆ, ಹಡಗೂ ಹಂಗೇ. ಕಿಟಕಿ ಇಲ್ಲದ ಒಳಕೋಣೆ ಅಗ್ಗ. ಮಲಗೂಕೆ ಮಾತ್ರ ಆದರೆ ಅದೇ ಸಾಕು. ಆದರೆ ಒಳಕೋಣೆಯಲ್ಲಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ, ನನ್ನ ಹಂಗೆ ಐದಕ್ಕೆ ಏಳುವವರಿಗೆ ಒಂಥರ ಆಗ್ತದೆ. ನಮಗೆ ಮಗ ಸಮುದ್ರ ಕಾಣುವ ಕೋಣೆ ಮಾಡಿಸಿದ್ದ. ದುಂಡು ಕಿಟಕಿ, ತೆರೆಯೂಕೆ ಬರುವುದಿಲ್ಲ.

ಮುಂಬಯಿಯಲ್ಲಿ ಬಲ್ಲಾರ್ಡ್ ಪಿಯರಿನಲ್ಲಿ ಹತ್ತಿಸ್ತಾರೆ. ಮೊದಲೇ ಮೊಬೈಲಿನಲ್ಲಿ ಚೆಕ್-ಇನ್ ಮಾಡಿ ಆ ಕಾಗದ ಇಟ್ಕೊಳ್ಳಬೇಕು, ಜೊತೆಗೆ ಆಧಾರ್ ಅಥವಾ ಪಾಸ್‌ಪೋರ್ಟು. ವಿಮಾನದ ಹಂಗೇ ಪೆಟ್ಟಿಗೆಗೆ ಚೀಟಿ ಕಟ್ಟಿ ತಕ್ಕೊಂಡು ಹೋಗ್ತಾರೆ. ಇಲ್ಲಿ ನಾನು ಮಾಡಿದ ಮಳ್ಳು ಕೆಲಸ ಕೇಳಿ. ಬಿಪಿ ಮಾತ್ರೆ, ಕನ್ನಡಕದ ಇನ್ನೊಂದು ಜೋಡು, ರಾತ್ರಿ ಉಡುವುದು ಎಲ್ಲ ದೊಡ್ಡ ಪೆಟ್ಟಿಗೆಯಲ್ಲೇ ಹಾಕಿದ್ದೆ. ಅದು ಕೋಣೆಗೆ ಬರುವಾಗ ರಾತ್ರಿ ಎಂಟು. ಮಾತ್ರೆ, ಒಂದು ಜೊತೆ ಬಟ್ಟೆ, ಮೊಬೈಲಿನ ಚಾರ್ಜರು ಇಷ್ಟು ಕೈಚೀಲದಲ್ಲೇ ಇರಲಿ. ದಾರು ಒಯ್ಯುವ ಹಾಗಿಲ್ಲ, ಇಸ್ತ್ರಿ ಪೆಟ್ಟಿಗೆ, ಚೂರಿ ಒಯ್ಯುವ ಹಾಗಿಲ್ಲ. ಮನೆ ತಿಂಡಿಯೂ ಬೇಡ ಅಂತಾರೆ. ನಾದಿನಿ ಮಾಡಿಕೊಂಡು ಬಂದಿದ್ದ ಅಂಟಿನುಂಡೆಯನ್ನು ನಾವು ಬಾಗಿಲಲ್ಲೇ ನಿಂತು ನಾಲ್ಕೂ ಜನ ತಿಂದು ಮುಗಿಸಿದೆವು. ಹಿಂದಿದ್ದ ಗುಜರಾತಿ ಅಜ್ಜಿಗೂ ಎರಡು ಕೊಟ್ಟೆವು.

ಹೆಂಗಸರಿಗೆ ಇದೊಂದು ಮುಖ್ಯ. ಬಚ್ಚಲು ಬಹಳ ಸಣ್ಣದು, ನಿಂತಲ್ಲೇ ತಿರುಗಬೇಕು. ಬಕೆಟ್ಟು ತಂಬಿಗೆ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ ಒಯ್ಯಿರಿ, ನಾಚಿಕೆ ಬೇಡ. ಒಳಗೆಲ್ಲ ಎಸಿಯ ತಣ್ಣು, ಒಂದು ಸ್ವೆಟರೋ ಶಾಲೋ ಬೇಕೇ ಬೇಕು. ಮೇಲಿನ ಡೆಕ್ಕಿನಲ್ಲಿ ಗಾಳಿ ಹೆಂಗೆ ಅಂದರೆ, ನಾನು ಮೊದಲ ದಿನ ನೈಲಾನ್ ಸೀರೆ ಉಟ್ಟು ಹೋದವಳು ಸೆರಗು ಹಿಡಿಯುವುದೋ ಕಂಬಿ ಹಿಡಿಯುವುದೋ ತಿಳಿಯದೆ ವಾಪಸು ಬಂದೆ. ಹತ್ತಿ ಸೀರೆಗೆ ನಾಲ್ಕು ಕಡೆ ಪಿನ್ನು ಹಾಕಿ, ಇಲ್ಲಾ ಚೂಡಿದಾರ ಹಾಕಿ. ಚಪ್ಪಲಿ ಜಾರದ್ದಾಗಿರಲಿ.

ಹತ್ತಿದ ಕೂಡಲೇ ಎಲ್ಲರನ್ನೂ ಒಂದು ಕಡೆ ಕರೆದು ಆಪತ್ತು ಬಂದರೆ ಏನು ಮಾಡಬೇಕು ಅಂದೇಳಿ ತೋರಿಸ್ತಾರೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಭೋಂಗಾ ಕೂಗಿದರೆ ಲೈಫ್ ಜಾಕೆಟ್ ತಕ್ಕೊಂಡು ಹೇಳಿದ ಜಾಗಕ್ಕೆ ಬರಬೇಕು. ಜನ ಇದನ್ನು ತಮಾಷೆ ಮಾಡ್ತಾ ಸೆಲ್ಫಿ ತೆಗೀತಾ ನಿಂತಿದ್ದರು. ಕಡಲ ಬದಿಯಲ್ಲಿ ಹುಟ್ಟಿದವರಿಗೆ ಅದು ತಮಾಷೆ ಅನಿಸುವುದಿಲ್ಲ. ನಮ್ಮ ಕೇರಿಯಲ್ಲಿ ದೋಣಿಗೆ ಹೋಗಿ ಬಾರದವರ ಮನೆ ಯಾವುದು ಅಂದೇಳಿ ನನಗೆ ಗೊತ್ತು. ನಾನು ಜಾಕೆಟಿನ ಪಟ್ಟಿ ಎರಡು ಸಲ ಕಟ್ಟಿ ಬಿಚ್ಚಿ ಕಲಿತೆ.

ವಾಂತಿಯ ಮಾತು. ಸಂಜೆ ಹಡಗು ಬಿಟ್ಟಾಗ ಎಂತದೂ ಇಲ್ಲ. ರಾತ್ರಿ ಉಂಡು ಮಲಗಿದ ಮೇಲೆ ನಾದಿನಿಗೆ ಶುರುವಾಯ್ತು. ಅವಳದ್ದು ತಪ್ಪು ಅಂದರೆ, ತಿಂದದ್ದು ಹೆಚ್ಚು, ಮಾತ್ರೆ ತಕ್ಕೊಂಡದ್ದು ತಡ. ವಾಂತಿಯ ಮಾತ್ರೆಯನ್ನು ಹಡಗು ಹತ್ತುವ ಮೊದಲೇ ತಕ್ಕೊಂಡರೆ ಕೆಲಸ ಮಾಡ್ತದೆ, ತಲೆ ತಿರುಗಿದ ಮೇಲೆ ತಕ್ಕೊಂಡರೆ ಅದೂ ಹೊರಗೆ ಬರ್ತದೆ. ಬಿಪಿ, ಸಕ್ಕರೆ ಇದ್ದವರು ನಿಮ್ಮ ಡಾಕ್ಟರಿಗೆ ಕೇಳಿ ಬರೆಸ್ಕೊಳ್ಳಿ. ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ತಲೆ ತಿರುಗ್ತಾ ಇದ್ದರೆ ಕೋಣೆಯಲ್ಲಿ ಮೊಬೈಲು ನೋಡ್ತಾ ಮಲಗಬೇಡಿ, ಹೊರಗೆ ಬಂದು ದೂರ ನೀರು ಆಕಾಶ ಸೇರುವ ಗೆರೆ ನೋಡ್ತಾ ನಿಲ್ಲಿ. ನಾನು ಸೆರಗಿನ ತುದಿಯಲ್ಲಿ ನಾಲ್ಕು ಒಣ ಮುರುಗಲ ಸಿಪ್ಪೆ ಕಟ್ಟಿಕೊಂಡಿದ್ದೆ. ಅದು ತಿಂಡಿಯೋ ಔಷಧವೋ ಅಂದೇಳಿ ಯಾರೂ ಕೇಳಲಿಲ್ಲ. ಒಂದೊಂದೇ ಬಾಯಲ್ಲಿ ಇಟ್ಟುಕೊಂಡರೆ ಸಾಕು. ಬೆಳಿಗ್ಗೆ ನಾದಿನಿಗೂ ಅದೇ ಕೊಟ್ಟೆ, ಜೊತೆಗೆ ಶುಂಠಿ ಹಾಕಿದ ಕರಿ ಚಾ. ಮಧ್ಯಾಹ್ನಕ್ಕೆ ಸರಿಯಾದಳು.

ಊಟದ ವಿಷಯ ಕಡಿಮೆ ಹೇಳ್ತೇನೆ. ಶಾಖಾಹಾರಿಗಳಿಗೆ, ಜೈನರಿಗೆ ಬೇರೆ ಬೇರೆ ಇದೆ, ಹಸಿದು ಕೂರುವ ಹಾಗಿಲ್ಲ. ಆದರೆ ಇಷ್ಟು ದೊಡ್ಡ ಸಮುದ್ರದ ನಡುವೆ ಇದ್ದು ನನಗೆ ಒಂದು ಹೊತ್ತೂ ಬಾಯಿಗೆ ಸರಿಯಾದ ಬಂಗಡೆ ಸಾರು ಕಾಣಲಿಲ್ಲ. ಮೀನು ಇತ್ತು, ಮುಳ್ಳಿಲ್ಲದ ಬಿಳೀ ತುಂಡು, ಮೇಲೆ ಬಿಳೀ ಗೊಜ್ಜು. ಮುಳ್ಳಿಲ್ಲದ್ದು ಯಾವ ಮೀನು ಅಂದೇಳಿ ನಮ್ಮನೆಯವರು ಹುಡುಗನಿಗೆ ಕೇಳಿದರು. ಪಾಪ ಅವನು ಮಿಜೋರಾಂನವನು, ಸಮುದ್ರವನ್ನೇ ಕೆಲಸಕ್ಕೆ ಸೇರಿದ ಮೇಲೆ ಕಂಡವನು.

ಎರಡನೇ ದಿನ ಇಡೀ ಸಮುದ್ರದ ಮೇಲೆ. ಹುಟ್ಟಿದಾಗಿನಿಂದ ಕಡಲನ್ನು ಈ ಬದಿಯಿಂದಲೇ ನೋಡಿದವಳು ನಾನು. ಕಾರವಾರದ ದಂಡೆಯಲ್ಲಿ ನಿಂತರೆ ಎದುರಿಗೆ ದೇವಗಡ ದ್ವೀಪದ ದೀಪಸ್ತಂಭ, 1864ರಿಂದ ಅಲ್ಲೇ ಇದೆ. ನಮಗೆ ಸಮುದ್ರ ಅಂದರೆ ಅಲ್ಲಿಗೆ ಮುಗೀತು. ಇಲ್ಲಿ ಯಾವ ಕಡೆ ತಿರುಗಿದರೂ ಗೆರೆ ಮಾತ್ರ. ಒಂದು ಗುಡ್ಡ ಇಲ್ಲ, ಒಂದು ತೆಂಗಿನ ತಲೆ ಇಲ್ಲ. ಖುಷಿ ಆಯ್ತೋ ಅಂದರೆ ಆಯ್ತು. ಯಾರಿಗೂ ಚಾ ಮಾಡುವುದಿಲ್ಲ, ಪಾತ್ರೆ ಇಲ್ಲ, ಹಾಲಿನವನಿಲ್ಲ. ಮಧ್ಯಾಹ್ನ ಕುರ್ಚಿಯಲ್ಲಿ ಕಾಲು ಚಾಚಿ ಎರಡು ತಾಸು ನಿದ್ದೆ ಮಾಡಿದೆ. ಮದುವೆಯಾದ ಮೇಲೆ ಅಂಥ ನಿದ್ದೆ ಯಾವಾಗ ಮಾಡಿದ್ದೆ ಅಂದೇಳಿ ನೆನಪಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹಡಗಿನ ವೈಫೈಗೆ ದುಡ್ಡು ಕೊಡಬೇಕು. "ಒಂದು ದಿನ ಫೋನಿಲ್ಲದಿದ್ರೆ ಎಂತ ಆತದೆ, ಬಿಡಿ" ಅಂದವಳು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಮೂರನೇ ದಿನ ಬೆಳಗಿನ ಜಾವ ಐದೂವರೆಗೆ ಡೆಕ್ಕಿಗೆ ಹೋದೆ. ಮುರಗಾಂವದ ದೀಪಗಳು ಕಾಣ್ತಿದ್ದವು. ಅಷ್ಟರಲ್ಲಿ ಕೈಯಲ್ಲಿದ್ದ ಮೊಬೈಲು ಟಿಣ್ ಟಿಣ್ ಟಿಣ್ ಅಂದೇಳಿ ನಿಲ್ಲಲೇ ಇಲ್ಲ. ಮನೆಯ ಗುಂಪಿನಲ್ಲಿ ನಲವತ್ತು ಮೆಸೇಜು. ಎಲ್ಲ ಗುಡ್ ಮಾರ್ನಿಂಗ್ ಹೂವು, ದೇವರ ಚಿತ್ರ. ನಡುವೆ ಬಾಜೂ ಮನೆ ವೈನಿಯ ಮಗಳದ್ದು ಒಂದು. "ಅಜ್ಜಿ ಈಗ ಹುಷಾರಾ? ಪ್ಲಾಸ್ಟರ್ ಹಾಕಿದ್ರಾ?" ಅದರ ಕೆಳಗೆ ಅಕ್ಕ ಏನೋ ಬರೆದು ಅಳಿಸಿದ್ದು. ಅಳಿಸಿದ್ದು ಅಂದೇಳಿ ಕಾಣ್ತದಲ್ಲ, ಅದು ಇನ್ನೂ ಕೆಟ್ಟದು.

ಅಕ್ಕನಿಗೆ ಫೋನು ಹಚ್ಚಿದೆ. ಎತ್ತಿದ ಕೂಡಲೇ "ಎಂತ ಇಲ್ಲೆ ಮಾರಾಯ್ತಿ, ಎಂತ ಇಲ್ಲೆ" ಅಂದಳು. ಹಂಗೆ ಎರಡು ಸಲ ಅಂದರೆ ಇದೆ ಅಂದೇ ಅರ್ಥ. ಹಿಂದಿನ ದಿನ ಬೆಳಿಗ್ಗೆ ತುಳಸಿಗೆ ನೀರು ಹಾಕೂಕೆ ಹೋದ ಆಯಿ ಅಂಗಳದ ಪಾವಟಿಗೆಯಲ್ಲಿ ಕಾಲು ಜಾರಿ ಬಿದ್ದಿದ್ದಾಳೆ. ಬಲಗೈ ಮಣಿಕಟ್ಟು ಮುರಿದಿದೆ, ಹಣೆಗೆ ಮೂರು ಹೊಲಿಗೆ. ನಾನು ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ ಹೊತ್ತಿಗೆ ಆಯಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತನ್ನ ಪಾಳಿ ಕಾಯ್ತಾ ಇದ್ದಳು.

"ಹೇಳೂಕೆ ಎಂತ ಆಗಿತ್ತೆ ನಿಂಗೆ?" ಅಂದೆ.

"ನಿಂಗೆ ಹೇಳೂಕೆ ಫೋನೆಲ್ಲಿ ಹತ್ತದೆ? ಹತ್ತಿದ್ರೂ ಹೇಳ್ತಿರ್ಲಿಲ್ಲ. ಆಯಿ ಆಣೆ ಹಾಕ್ಸ್ಕಂಡಳು."

ಅಕ್ಕನ ಮೇಲೆ ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಆ ಹೊತ್ತಿಗೆ ಒಂದು ಮಾತು ಅಂದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಆಮೇಲೆ ಕ್ಷಮೆ ಕೇಳಿದ್ದೇನೆ.

ನಮ್ಮನೆಯವರು ತಾವೂ ಬರ್ತೇನೆ ಅಂದರು. ಇಬ್ಬರೂ ಇಳಿದರೆ ಪೆಟ್ಟಿಗೆ ಎಲ್ಲ ಕಟ್ಟಬೇಕು, ನಾದಿನಿಯನ್ನೂ ನಡುವೆ ಬಿಟ್ಟ ಹಂಗೆ. ಒಬ್ಬಳು ಹೋದರೆ ಸಾಕು ಅಂದೆ. ಹಡಗು ಗೋವಾದಲ್ಲಿ ಸಂಜೆಯವರೆಗೆ ನಿಲ್ಲುವುದು. ಹೋಗಿ ನೋಡಿ ಸಂಜೆಯೊಳಗೆ ವಾಪಸು ಬರಬಹುದಾ ಅಂದೇಳಿ ಲೆಕ್ಕ ಹಾಕಿದೆವು. ಮುರಗಾಂವದಿಂದ ಕಾರವಾರಕ್ಕೆ ಸುಮಾರು ನೂರು ಕಿಲೋಮೀಟರ್, ಟ್ಯಾಕ್ಸಿಯಲ್ಲಿ ಎರಡೂವರೆ ತಾಸು ಹಿಡಿಯಿರಿ. ಹೋಗಿ ಬರೂಕೆ ಐದು. ಹೇಳಿದ ಹೊತ್ತಿಗಿಂತ ಹಿಂದೆ ಬಂದರೆ ಹಡಗು ಯಾರಿಗೂ ಕಾಯುವುದಿಲ್ಲ, ಬಂದರು ಬಿಡುವ ಸಮಯ ಅದರ ಕೈಯಲ್ಲಿಲ್ಲ. ಈ ಮಾತು ಗೋವಾದಲ್ಲಿ ತಿರುಗೂಕೆ ಇಳಿಯುವವರಿಗೂ ಹೇಳ್ತಾ ಇದ್ದೇನೆ, ಅಂಜುಣಾ ಕಲಂಗುಟ್ ಅಂದೇಳಿ ದೂರ ಹೋಗಬೇಡಿ, ಒಂದು ತಾಸು ಉಳಿಸಿಕೊಂಡು ಬನ್ನಿ. ನಾನು ವಾಪಸು ಬರುವುದೇ ಬೇಡ ಅಂದೇಳಿ ಇಳಿದೆ.

ನಡುವೆ ಇಳಿಯುವುದು ಹೆಂಗೆ ಅಂದೇಳಿ ಯಾರಿಗಾದರೂ ಬೇಕಾಗಬಹುದು. ಹಡಗಿನ ಸ್ವಾಗತದ ಕೌಂಟರಿಗೆ ಹೋಗಿ ಹೇಳಬೇಕು, ಸುಮ್ಮನೆ ಇಳಿದು ಹೋಗುವ ಹಾಗಿಲ್ಲ. ತಲೆ ಎಣಿಕೆ ತಪ್ಪಿದರೆ ಅವರು ಹುಡುಕ್ತಾರೆ. ಕಾರ್ಡಿನ ಮೇಲಿನ ಬಾಕಿ ಮುಗಿಸಿ, ಒಂದು ಅರ್ಜಿಗೆ ಸಹಿ ಮಾಡಿ, ಆಧಾರ್ ತೋರಿಸಿದೆ. ಉಳಿದ ದಿನದ ದುಡ್ಡು ವಾಪಸು ಬರುವುದಿಲ್ಲ. ಕೌಂಟರಿನ ಹುಡುಗಿ ನನ್ನ ಮುಖ ನೋಡಿ ನೀರು ಕೊಟ್ಟು ಕೂರಿಸಿ ಬೇಗ ಬೇಗ ಮಾಡಿಕೊಟ್ಟಳು.

ಟ್ಯಾಕ್ಸಿ ಮಡಗಾಂವ್, ಕಾಣಕೋಣ ದಾಟಿ, ಪೋಳೆಂ ದಾಟಿ, ಮಾಜಾಳಿಗೆ ಬಂತು. ದಾರಿಯುದ್ದಕ್ಕೂ ಒಂದೇ ಯೋಚನೆ. ಎಂಬತ್ತೆರಡು ವರ್ಷದವಳನ್ನು ಬಿಟ್ಟು ಸಮುದ್ರ ನೋಡೂಕೆ ಹೋದೆ, ನಮ್ಮನೆ ಎದುರಿಗೇ ಸಮುದ್ರ ಇರುವಾಗ. ಸದಾಶಿವಗಡ ದಾಟಿ ಕಾಳಿ ಸೇತುವೆಗೆ ಬಂದಾಗ ಬಾಜೂಗೆ ಮುರಿದ ಹಳೇ ಸೇತುವೆ ಕಂಡಿತು. ಡ್ರೈವರ್ ಗೋವಾದವನು, ಅದನ್ನು ನೋಡೂಕೆ ಗಾಡಿ ನಿಧಾನ ಮಾಡಿದ. ಬೇಗ ಹೊಡಿಯಪ್ಪಾ ಅಂದೆ.

ಆಯಿ ಜಗಲಿಯಲ್ಲಿ ಕೂತಿದ್ದಳು. ಹಣೆಗೆ ಬಿಳೀ ಪಟ್ಟಿ, ಬಲಗೈ ಪ್ಲಾಸ್ಟರು, ಎಡಗೈಯಲ್ಲಿ ಕವಳದ ಎಲೆಗೆ ಸುಣ್ಣ ಹಚ್ಚೂಕೆ ನೋಡ್ತಾ ಇದ್ದಳು, ಬರ್ತಿರಲಿಲ್ಲ. ನನ್ನ ಕಂಡ ಕೂಡಲೇ ಬೈದಳು.

"ಎಂತಕೆ ಬಂದ್ಯೆ? ಅಷ್ಟು ದುಡ್ಡು ಕೊಟ್ಟದ್ದು ನೀರಿಗೆ ಹಾಕ್ದೆ. ಅಂವನೊಬ್ಬನೇ ಬಿಟ್ ಬಂದ್ಯಾ?"

ಆಮೇಲೆ ಅಕ್ಕನ ಕಡೆ ತಿರುಗಿ, "ನೀ ಹೇಳ್ದೆ ಅಲ್ದಾ?" ಅಂದೇಳಿ ಅವಳಿಗೂ ಬೈದಳು. ಬೈಯ್ತಾ ಬೈಯ್ತಾ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದವಳು ಮಧ್ಯಾಹ್ನದ ಊಟಕ್ಕೆ ಏಳುವವರೆಗೆ ಬಿಡಲೇ ಇಲ್ಲ. ಎಲೆಗೆ ಸುಣ್ಣ ನಾನೇ ಹಚ್ಚಿ ಕೊಟ್ಟೆ.

ರಾತ್ರಿ ಅಕ್ಕ, ನಾನು, ಆಯಿ ಮೂರೂ ಜನ ನಡುಮನೆಯಲ್ಲಿ ಹಾಸಿಕೊಂಡು ಮಲಗಿದೆವು. ನೋವಿನ ಮಾತ್ರೆ ಕೊಟ್ಟರೂ ಆಯಿಗೆ ನಿದ್ದೆ ಹತ್ತಲಿಲ್ಲ. ಹಡಗಿನ ವಿಷಯ ಕೇಳ್ತಾ ಹೋದಳು. ಬಚ್ಚಲು ಹೆಂಗದೆ, ಹಾಸಿಗೆ ಅದ್ಯಾ, ವಾಂತಿ ಬಂತಾ. ಆಮೇಲೆ ತಣ್ಣಗೆ, "ನೀ ಮೊದ್ಲೂ ಹಡಗಿನ ಮೇಲೆ ಹೋಗಿದ್ದೆ" ಅಂದಳು.

ನನಗೆ ಗೊತ್ತೇ ಇರಲಿಲ್ಲ. 1971ರ ಸುಮಾರಿಗೆ, ನನಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಮುಂಬಯಿಯಲ್ಲಿ ಕೆಲಸಕ್ಕಿದ್ದವನು ಟೈಫಾಯಿಡ್ ಆಗಿ ಮಲಗಿದ್ದ. ಆಯಿ ಐದು ವರ್ಷದ ಅಕ್ಕನನ್ನು ಅಂಕೋಲೆಯಲ್ಲಿ ತನ್ನ ಆಯಿಯ ಹತ್ತಿರ ಬಿಟ್ಟು, ನನ್ನ ಕಟ್ಟಿಕೊಂಡು ಹೊರಟಳು. ಆಗ ಕೊಂಕಣ ರೈಲು ಎಲ್ಲಿ, ಅದು ಪೂರ್ತಿ ಆದದ್ದು 1998ರಲ್ಲಿ. ಕಾಳಿಗೆ ಸೇತುವೆಯೂ ಇಲ್ಲ. ಕೋಡಿಬಾಗದಲ್ಲಿ ತಾರಿ ದಾಟಿ, ಬಸ್ಸಿನಲ್ಲಿ ಪಣಜಿಗೆ ಹೋಗಿ, ಅಲ್ಲಿಂದ ಮುಂಬಯಿಗೆ ಆಗಬೋಟು. ಕೊಂಕಣ ಸೇವಕ, ಕೊಂಕಣ ಶಕ್ತಿ ಅಂದೇಳಿ ಹಡಗುಗಳಿದ್ದವಲ್ಲ, ನಿಮ್ಮ ಮನೆಯ ಹಿರಿಯರಿಗೆ ಕೇಳಿ, ಹತ್ತಿದವರು ಇದ್ದೇ ಇರ್ತಾರೆ. ಆಯಿ ಹೋದದ್ದು ಯಾವುದರಲ್ಲಿ ಅಂದೇಳಿ ಅವಳಿಗೆ ಹೆಸರು ನೆನಪಿಲ್ಲ. ಡೆಕ್ಕಿನ ಮೇಲೆ ಚಾಪೆ ಹಾಸಿದವರದ್ದೇ ಜಾಗ. ಮನೆಯಿಂದ ಒಯ್ದ ಅವಲಕ್ಕಿ, ಒಂದು ಗಿಂಡಿ ನೀರು. ನಾನು ರಾತ್ರಿಯಿಡೀ ಅತ್ತು, ಪಕ್ಕದ ಯಾರೋ ಹೆಂಗಸಿನ ಸೀರೆಯ ಮೇಲೆ ಕಕ್ಕಿದ್ದೆನಂತೆ.

ಮುಂಬಯಿ ಮುಟ್ಟಿ ನಾಲ್ಕನೇ ದಿನಕ್ಕೆ ತಾರು ಬಂತು. ಅಜ್ಜಿಗೆ ಜೋರು ಅದೆ, ಬಾ ಅಂದೇಳಿ.

"ಹಡಗು ಮಾರನೇ ದಿನಕ್ಕಿತ್ತು" ಅಂದಳು ಆಯಿ. "ಹತ್ತಿ ಕೂತೆ. ಒಂದು ಹಗಲು ಒಂದು ರಾತ್ರಿ. ಅದು ರತ್ನಾಗಿರಿಲಿ ನಿಂತು, ಇನ್ನೊಂದ್ ಕಡಿಗೆ ನಿಂತು, ಜನ ಇಳ್ದು, ಹೆಡಿಗೆ ಇಳ್ದು... ನಾ ಎಂತ ಮಾಡೂಕಾತದೆ? ನಡ್ದು ಹೋಗೂಕಾತದ್ಯಾ, ಓಡಿ ಹೋಗೂಕಾತದ್ಯಾ? ಸುತ್ತೆಲ್ಲ ನೀರು. ಕೈಲಿ ತಾರಿನ ಕಾಗದ. ಮನೆಗೆ ಬಂದ್ರೆ ಎಲ್ಲಾ ಮುಗ್ದು ಮೂರು ದಿನ ಆಗಿತ್ತು."

ಕತ್ತಲೆಯಲ್ಲಿ ಅಕ್ಕ ಏನೂ ಮಾತಾಡಲಿಲ್ಲ. ಅವಳು ಆಗ ಐದು ವರ್ಷದವಳು, ಆ ಮನೆಯಲ್ಲೇ ಇದ್ದವಳು.

"ಅದ್ಕೇ ಹೇಳ್ಬೇಡ ಅಂದದ್ದು. ನೀರ್ ಮೇಲೆ ಇದ್ದವ್ರಿಗೆ ಸುದ್ದಿ ಮುಟ್ಟಿಸ್ಬಾರ್ದು. ನೆಲ ಮುಟ್ಟಿದ್ಮೇಲೆ ಹೇಳ್ಬೇಕು."

ನಾನು ಬೆಳಿಗ್ಗೆ ಅಕ್ಕನಿಗೆ ಅಂದ ಮಾತು ನೆನಪಾಯ್ತು. ಕೈ ಚಾಚಿ ಅವಳ ಕಾಲು ಮುಟ್ಟಿದೆ. "ಮಲ್ಕಳೆ ಸಾಕು" ಅಂದಳು.

ಆಯಿ ಹೇಳಿದ್ದು ಆ ಕಾಲಕ್ಕೆ ಸರಿ. ಆದರೂ ನನಗೆ ಪೂರ್ತಿ ಒಪ್ಪುವುದಿಲ್ಲ. ನಾನಂತೂ ಈಗ ಬೇರೆ ಕ್ರಮ ಮಾಡಿದ್ದೇನೆ, ವಯಸ್ಸಾದವರನ್ನು ಮನೆಯಲ್ಲಿ ಬಿಟ್ಟು ಹೋಗುವವರು ನೀವೂ ಮಾಡಿ. ಹೋಗುವ ಮೊದಲೇ ಮನೆಯಲ್ಲಿ ಇರುವವರ ಹತ್ತಿರ ಕೂತು ಮಾತಾಡಿ, ಏನಾದರೆ ಹೇಳಬೇಕು, ಏನಾದರೆ ಬಂದ ಮೇಲೆ ಹೇಳಿದರೆ ಸಾಕು ಅಂದೇಳಿ. ಜ್ವರ, ಹೊಟ್ಟೆನೋವು ಬಂದ ಮೇಲೆ. ಬಿದ್ದದ್ದು, ಆಸ್ಪತ್ರೆಗೆ ಹೋದದ್ದು ಆಗಲೇ. ಆಣೆ ಗೀಣೆ ನಡೆಯುವುದಿಲ್ಲ ಅಂದೇಳಿ ಹಿರಿಯರ ಎದುರಿಗೇ ಹೇಳಿ. ಹಡಗು ಕಂಪನಿಯ ಫೋನ್ ನಂಬರು, ನಿಮ್ಮ ಕೋಣೆಯ ನಂಬರು, ಯಾವ ದಿನ ಎಷ್ಟು ಹೊತ್ತಿಗೆ ಯಾವ ಬಂದರಿನಲ್ಲಿ ಇರ್ತೀರಿ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ವೈಫೈಗೆ ದುಡ್ಡು ಕೊಡಿ. ನಾನು ಉಳಿಸಿದ್ದು ಅದೇ ಒಂದು ದುಡ್ಡು, ಉಳಿದ ಕಡೆ ಎಲ್ಲ ಚೆಲ್ಲಿದ್ದೆ. ಆಯಿಯ ಆಸ್ಪತ್ರೆ ಕಾರ್ಡು, ಮಾತ್ರೆ ಚೀಟಿ, ಐದು ಸಾವಿರ ರೂಪಾಯಿ ಒಂದೇ ಚೀಲದಲ್ಲಿ ಇರಲಿ. ಅಕ್ಕ ಅವತ್ತು ಕಾರ್ಡು ಹುಡುಕೂಕೆ ನನ್ನ ಕಪಾಟೆಲ್ಲ ಕೆಳಗೆ ಹಾಕಿದ್ದಳು. ಅಂಗಳದ ಪಾವಟಿಗೆಗೆ ಹಿಡಿಯೂಕೆ ಈಗ ಒಂದು ಕಬ್ಬಿಣದ ಸರಳು ಹಾಕಿಸಿದ್ದೇವೆ. ಅದನ್ನು ಹೋಗುವ ಮೊದಲೇ ಹಾಕಿಸಬೇಕಾಗಿತ್ತು. ಎರಡು ವರ್ಷದಿಂದ ಹೇಳ್ತಾ ಇದ್ದೆ, ಆಗಿರಲಿಲ್ಲ.

ನಮ್ಮನೆಯವರು ಎರಡು ದಿನ ಬಿಟ್ಟು ಬಂದರು. ಮೂರನೇ ರಾತ್ರಿ ಹಡಗಿನ ನಾಟಕಶಾಲೆಯಲ್ಲಿ ಜಾದ್ಯದ ಆಟ ಇತ್ತಂತೆ, ಬಹಳ ಒಳ್ಳೇದಿತ್ತಂತೆ, ಆದರೆ ಇವರು ಅದರ ನಡುವೆ ನಿದ್ದೆ ಮಾಡಿದರಂತೆ. ಹಾಗಾಗಿ ಅದರ ವಿಷಯ ಬರೆಯೂಕೆ ನನ್ನ ಹತ್ತಿರ ಎಂತದೂ ಇಲ್ಲ. ಕೋಣೆಯಲ್ಲಿ ಇಟ್ಟಿದ್ದ ಸಣ್ಣ ಸಾಬೂನು ಎರಡು ತಂದಿದ್ದರು. ಆಯಿ ಅದನ್ನು ಮೂಸಿ ನೋಡಿ ಟ್ರಂಕಿನಲ್ಲಿ ಸೀರೆಯ ನಡುವೆ ಇಟ್ಟುಕೊಂಡಳು.

ಪ್ಲಾಸ್ಟರು ಬಿಚ್ಚಿದ್ದು ಆರು ವಾರಕ್ಕೆ. ಜನವರಿಯಲ್ಲಿ ಒಂದು ದಿನ ಆಯಿ, "ಆ ಹಡಗು ಈಗ್ಲೂ ಗೋವಾಕ್ಕೆ ಬತ್ತದ್ಯಾ?" ಅಂದಳು. ಮಗ ಮೊಬೈಲಿನಲ್ಲಿ ದಿನ ನೋಡಿ ಹೇಳಿದ. ಬಂದರಿನೊಳಗೆ ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲ. ಆದರೆ ಮುರಗಾಂವ್ ಬಂದರಿನ ಮೇಲೆ ಸಡಾ ಅಂದೇಳಿ ಗುಡ್ಡ ಇದೆಯಲ್ಲ, ಅಲ್ಲಿಂದ ಕೆಳಗೆ ಬಂದರು ಕಾಣ್ತದೆ. ಬಾಡಿಗೆ ಕಾರು ಮಾಡಿ ಅಕ್ಕನನ್ನೂ ಕರೆದುಕೊಂಡು ಹೋದೆವು. ಕಾರು ನಿಲ್ಲಿಸಿ ಆಯಿಯನ್ನು ಇಳಿಸಿದೆವು. ಕೆಳಗೆ ಹಡಗು ನಿಂತಿತ್ತು, ಬೆಳ್ಳಗೆ, ಅಂತಸ್ತಿನ ಮೇಲೆ ಅಂತಸ್ತು.

ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಇದ್ಯೆಂತ ಆಗಬೋಟೆ" ಅಂದಳು. "ಪೇಟೆ ಎತ್ತಿ ನೀರಿಗೆ ಇಟ್ಟಂಗದೆ. ನಿನ್ ಕೋಣೆ ಯಾವ್ದು?"

ಕೆಳಗಿನ ಸಾಲಿನ ದುಂಡು ಕಿಟಕಿಗಳಲ್ಲಿ ಯಾವುದೋ ಒಂದಕ್ಕೆ ಬೆರಳು ತೋರಿಸಿದೆ. ಅಷ್ಟು ದೂರದಿಂದ ನನಗೂ ಗೊತ್ತಾಗಲಿಲ್ಲ.